ಮೊಬೈಲ್‌ನಲ್ಲಿ ಅಷ್ಟು ಚೆಂದ, ಚಂದ್ರನಿಂದ ಯಾಕೆ ಇಷ್ಟು ಮಸುಕು?

ಪ್ರಶ್ನೆ: ಹತ್ತು ಸಾವಿರದ ಮೊಬೈಲೇ ಒಳ್ಳೆ ಫೋಟೋ ತೆಗೆಯುತ್ತೆ. ಕೋಟಿಗಟ್ಟಲೆ ಖರ್ಚು ಮಾಡಿ ಕಳಿಸಿದ ಚಂದ್ರಯಾನ-3ರ ಫೋಟೋ ಯಾಕೆ ಕಪ್ಪು-ಬಿಳುಪು? ಆಕಾಶದಲ್ಲಿ ಒಂದು ನಕ್ಷತ್ರವೂ ಇಲ್ಲ. ಏನಾದರೂ ಮುಚ್ಚಿಡ್ತಿದ್ದಾರಾ?

ಉತ್ತರ: 2023ರ ಆಗಸ್ಟ್‌ನಿಂದ ಈ ಪ್ರಶ್ನೆ ನನ್ನ ಕಿವಿಗೆ ಬೀಳುತ್ತಲೇ ಇದೆ. ಚಂದ್ರಯಾನವನ್ನು ನಡೆಸಿದ ಇಸ್ರೋದ ಇಸ್ಟ್ರಾಕ್ ನಿಯಂತ್ರಣ ಕೇಂದ್ರದ ಕೂಗಳತೆಯಲ್ಲಿ, ಪೀಣ್ಯದ ಟೀ ಅಂಗಡಿಯಲ್ಲೂ ಕೇಳಿದ್ದೇನೆ. ಮುಚ್ಚಿಡುತ್ತಿಲ್ಲ. ಆದರೆ ಯಾಕೆ ಹಾಗೆ ಕಾಣುತ್ತದೆ ಅನ್ನೋದನ್ನು ಬಿಡಿಸಿ ಹೇಳಲೇಬೇಕು.

ಆಗಸ್ಟ್ 30ರಂದು ಬಂದ ವಿಕ್ರಮ್ ಲ್ಯಾಂಡರ್‌ನ ಫೋಟೋ ನೆನಪಿದೆಯಲ್ವಾ? ಅದನ್ನು ತೆಗೆದದ್ದು ಪ್ರಜ್ಞಾನ್ ರೋವರ್‌ನ ನ್ಯಾವ್‌ಕ್ಯಾಮ್. ಮಾಡಿದ್ದು ಬೆಂಗಳೂರಿನದೇ, ಇಸ್ರೋದ ಲಿಯೋಸ್ ಪ್ರಯೋಗಾಲಯ. ಅದರ ಕೆಲಸ ದಾರಿ ನೋಡುವುದು. ನಮ್ಮ ಎರಡು ಕಣ್ಣಿನ ಹಾಗೆ ಎರಡು ಕ್ಯಾಮೆರಾ ಇಟ್ಟು, ಮುಂದಿನ ನೆಲ ಎಷ್ಟು ಏರು, ಎಷ್ಟು ತಗ್ಗು ಅಂತ ಅಳೆಯುತ್ತಾರೆ. ಆಗಸ್ಟ್ 27ರಂದು ಪ್ರಜ್ಞಾನ್ ಎದುರಿಗೆ, ಮೂರೇ ಮೀಟರ್ ದೂರದಲ್ಲಿ, 4 ಮೀಟರ್ ಅಗಲದ ಕುಳಿ ಇತ್ತು. ರೋವರ್ ಹಿಂದೆ ಸರಿದು ಬೇರೆ ದಾರಿ ಹಿಡಿಯಿತು. ಬಿದ್ದಿದ್ದರೆ ಎತ್ತುವವರು ಯಾರಿದ್ದರು? ಈ ಕೆಲಸಕ್ಕೆ ಬಣ್ಣ ಬೇಡ. ಬಣ್ಣದ ಕ್ಯಾಮೆರಾದಲ್ಲಿ ಒಂದೊಂದು ಚುಕ್ಕಿಯ (ಪಿಕ್ಸೆಲ್) ಮೇಲೂ ಕೆಂಪು, ಹಸಿರು ಇಲ್ಲವೇ ನೀಲಿ ಶೋಧಕ (ಫಿಲ್ಟರ್) ಕೂರುತ್ತದೆ. ಉಳಿದ ಎರಡು ಬಣ್ಣವನ್ನು ಪಕ್ಕದ ಚುಕ್ಕಿ ನೋಡಿ ಅಂದಾಜು ಮಾಡಬೇಕು. ಅಳತೆಗೆ ಕಪ್ಪು-ಬಿಳುಪೇ ನಂಬಿಕಸ್ಥ.

ಇನ್ನೊಂದು ತೊಡಕು, ಫೋಟೋ ಕಳಿಸುವುದು. ಪ್ರಜ್ಞಾನ್‌ನ ಸೋಲಾರ್ ಪ್ಯಾನೆಲ್ ಕೊಡುವ ವಿದ್ಯುತ್ ಬರೀ 50 ವ್ಯಾಟ್. ಹಳೇ ಸೀಲಿಂಗ್ ಫ್ಯಾನಿಗೂ ಸಾಲದು. ಅಷ್ಟರಲ್ಲೇ ಓಡಾಡಬೇಕು, ಪರೀಕ್ಷೆ ಮಾಡಬೇಕು, ಫೋಟೋವನ್ನು ವಿಕ್ರಮ್‌ಗೆ ದಾಟಿಸಬೇಕು. ಅಲ್ಲಿಂದ ಬರುವ ಕ್ಷೀಣ ಸಿಗ್ನಲ್ ಹಿಡಿಯೋಕೆ ಬೆಂಗಳೂರು ಹತ್ತಿರದ ನಮ್ಮ ಬ್ಯಾಲಾಳುವಿನಲ್ಲಿ 32 ಮೀಟರ್ ಅಗಲದ ಆಂಟೆನಾ ಇದೆ. ಚಂದ್ರ ಹತ್ತಿರ, ಹೇಗೋ ಆಗುತ್ತದೆ. ಪ್ಲೂಟೋ ನೋಡಿ. 2015ರ ಜುಲೈನಲ್ಲಿ ನಾಸಾದ ನ್ಯೂ ಹೊರೈಜನ್ಸ್ ನೌಕೆ ಅದರ ಪಕ್ಕ ಹಾದುಹೋಯಿತು. ಅಲ್ಲಿಂದ ಸೆಕೆಂಡಿಗೆ ಬರುತ್ತಿದ್ದದ್ದು ಒಂದೆರಡು ಕಿಲೋಬಿಟ್. ಒಂದೇ ಕಿಲೋಬಿಟ್ ಲೆಕ್ಕ ಹಿಡಿದರೆ ನಿಮ್ಮ ಮೊಬೈಲ್‌ನ 4 ಎಂಬಿ ಫೋಟೋಗೆ ಸುಮಾರು 9 ಗಂಟೆ ಬೇಕು! ಹಾಗಾಗಿ ಮೊದಲು ಹಿಂಡಿ ಚಿಕ್ಕದು ಮಾಡಿದ ಚಿತ್ರ ಬಂತು. ಮೂಲ ಮಾಹಿತಿ ಪೂರ್ತಿ ಬರೋಕೆ 2016ರ ಅಕ್ಟೋಬರ್ ಆಯಿತು. ಮೊದಲು ಬಂದ ಮಸುಕು ಚಿತ್ರವೇ ಎಲ್ಲೆಡೆ ಹರಡುತ್ತದೆ, ಅನುಮಾನವೂ ಅದರ ಜೊತೆಗೇ.

ನಕ್ಷತ್ರದ ಮಾತು ಸುಲಭ. ಹುಣ್ಣಿಮೆ ರಾತ್ರಿ ಟೆರೇಸ್ ಹತ್ತಿ. ಮೊಬೈಲ್ ಪರದೆಯಲ್ಲಿ ಚಂದ್ರನ ಮೇಲೆ ಬೆರಳಿಟ್ಟು, ಅವನ ಕಲೆಗಳು ಕಾಣುವಷ್ಟು ಬೆಳಕು ಇಳಿಸಿ. ಪಕ್ಕದ ನಕ್ಷತ್ರಗಳು ಮಾಯ. ಪ್ರಜ್ಞಾನ್ ಫೋಟೋ ತೆಗೆದದ್ದೂ ಸುಡುಬಿಸಿಲಿನಲ್ಲಿ, ಹೊಳೆಯುವ ನೆಲದ ಮೇಲೆ.

ಇನ್ನು ಮೇಲಿನಿಂದ ತೆಗೆದ ಚಿತ್ರದಲ್ಲಿ ವಿಕ್ರಮ್ ಬರೀ ಬೊಟ್ಟಿನಷ್ಟು ಕಾಣುತ್ತಾನಲ್ಲ, ಅದರ ಲೆಕ್ಕ ಕೇಳಿ. ಚಂದ್ರನನ್ನು ಸುತ್ತುತ್ತಿರುವ ಹಿಂದಿನ ನೌಕೆ ಚಂದ್ರಯಾನ-2ರ ಕ್ಯಾಮೆರಾ 100 ಕಿಲೋಮೀಟರ್ ಎತ್ತರದಿಂದ ನೋಡುತ್ತದೆ. ಬೆಂಗಳೂರಿನಿಂದ ಮಂಡ್ಯಕ್ಕೆ ರಸ್ತೆಯಲ್ಲಿ ಹೆಚ್ಚುಕಮ್ಮಿ ಅಷ್ಟೇ ದೂರ. ಅದರ ಒಂದು ಚುಕ್ಕಿ ಅಂದರೆ ನೆಲದ ಮೇಲೆ 25 ಸೆಂಟಿಮೀಟರ್. ವಿಕ್ರಮ್ ಅಗಲ 2 ಮೀಟರ್. ಎಂಟೇ ಚುಕ್ಕಿ! ನನಗಂತೂ ಅದು ದೊಡ್ಡ ಸಾಧನೆ ಅನ್ನಿಸುತ್ತದೆ.

ಒಂದು ಮಾತು ಮಾತ್ರ ಇಸ್ರೋಗೂ ಹೇಳಬೇಕು. ಯಾವ ಕ್ಯಾಮೆರಾ, ಯಾಕೆ ತೆಗೆದದ್ದು, ಆಮೇಲೆ ಏನು ತಿದ್ದಿದ್ದಾರೆ ಅಂತ ಪ್ರತಿ ಚಿತ್ರದ ಕೆಳಗೂ ಕನ್ನಡದಲ್ಲಿ ನಾಲ್ಕು ಸಾಲು ಹಾಕಿದರೆ ಅರ್ಧ ಅನುಮಾನ ಅಲ್ಲೇ ಕರಗುತ್ತದೆ.

ಉಳಿದರ್ಧಕ್ಕೆ ಬ್ಯಾಲಾಳುವಿನಲ್ಲಿ ಇಸ್ರೋದ ದತ್ತಾಂಶ ಕೇಂದ್ರವಿದೆ. ಅದರ ‘ಪ್ರದಾನ್’ ತಾಣದಲ್ಲಿ ಹೆಸರು ನೋಂದಾಯಿಸಿದರೆ ಚಂದ್ರಯಾನ-2 ಕಳಿಸಿದ ಮಾಹಿತಿಯನ್ನು ನೀವೇ ಇಳಿಸಿಕೊಳ್ಳಬಹುದು. ಫೈಲುಗಳು ದೊಡ್ಡವು, ಜಾಗ ಜಾಸ್ತಿ ಬೇಕು. ಕುಳಿಗಳನ್ನು ಒಂದೊಂದಾಗಿ ನೋಡುತ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ.