ಕಳಚಿ ಬಂದ ಜಿರ್ಕೋನಿಯಾ ಕ್ಯಾಪ್ ಮತ್ತೆ ಕೂರುತ್ತದೆಯೇ?

ಪ್ರಶ್ನೆ: ಎರಡು ವರ್ಷದ ಹಿಂದೆ ದವಡೆ ಹಲ್ಲಿಗೆ ಹಾಕಿಸಿದ ಜಿರ್ಕೋನಿಯಾ ಕ್ಯಾಪ್ ಮೊನ್ನೆ ಚಿಕ್ಕಿ ತಿನ್ನುವಾಗ ಇಡಿಯಾಗಿ ಕಳಚಿ ಬಂತು. ಒಡೆದಿಲ್ಲ. ಇದನ್ನೇ ಅಂಟಿಸಬಹುದೇ? ಅಲ್ಲಿಯವರೆಗೆ ಮನೆಯಲ್ಲೇ ಗಮ್ ಹಾಕಿ ಕೂರಿಸಲೇ? (ಓದುಗರು, ಶಿರಸಿ)

ಗಮ್ ಬೇಡ. ಕ್ಯಾಪ್ ಸ್ವಲ್ಪ ಓರೆಯಾಗಿ ಅಂಟಿಬಿಟ್ಟರೆ ಆಮೇಲೆ ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ತೊಳೆದು ಡಬ್ಬಿಯಲ್ಲಿಟ್ಟು ತನ್ನಿ, ಅಷ್ಟು ಸಾಕು. ಕುಮಟಾದಲ್ಲಿ ನನ್ನ ಬಳಿಗೆ ಕುಂಕುಮದ ಭರಣಿಯಲ್ಲಿ ಹತ್ತಿ ಸುತ್ತಿ ತಂದವರಿದ್ದಾರೆ. ಒಬ್ಬ ಹಿರಿಯರು ಕವಳದ (ಎಲೆಯಡಿಕೆಯ) ಸಂಚಿಯಲ್ಲಿ ಹಾಕಿಕೊಂಡು ದೇವಿಮನೆ ಘಾಟಿ ಇಳಿದು ಬಂದಿದ್ದರು. "ಇದು ಕೂರ್ತಾ ನೋಡು ತಮಾ" ಎಂದು ಅಂಗೈ ಚಾಚಿದರೆ ಕ್ಯಾಪಿಗೆಲ್ಲ ಸುಣ್ಣ.

ಅವರದು ಕೂತಿತು. ನಿಮ್ಮದೂ ಕೂರಬಹುದು. ಆದರೆ ನಾನು ಮೊದಲು ನೋಡುವುದು ಹಳೆಯ ಸಿಮೆಂಟ್ ಎಲ್ಲಿ ಉಳಿದಿದೆ ಎಂದು. ಕ್ಯಾಪಿನೊಳಗೆ ಹಲ್ಲಿನ ಚೂರೇ ಸಿಕ್ಕಿಕೊಂಡಿದ್ದರೆ, ಅಥವಾ ಬುಡದಲ್ಲಿ ಹುಳುಕು ಹಿಡಿದಿದ್ದರೆ, ಅಂಟಿಸುವ ಮಾತು ಆಮೇಲೆ. ಸಿಮೆಂಟೆಲ್ಲ ಹಲ್ಲಿನ ಮೇಲೇ ನಿಂತು ಕ್ಯಾಪಿನ ಒಳಮೈ ಬೆಳ್ಳಗೆ ಸ್ವಚ್ಛವಾಗಿದ್ದರೆ, ಸಿಮೆಂಟ್ ಜಿರ್ಕೋನಿಯಾವನ್ನು ಹಿಡಿದೇ ಇರಲಿಲ್ಲ ಎಂದರ್ಥ.

ಯಾಕೆ ಹಿಡಿಯಲಿಲ್ಲ? ಪೋರ್ಸಲಿನ್‌ನಲ್ಲಿ, ಅಂದರೆ ಪಿಂಗಾಣಿಯಲ್ಲಿ, ಗಾಜಿನ ಅಂಶ ಇರುತ್ತದೆ. ಹೈಡ್ರೋಫ್ಲೋರಿಕ್ ಆಸಿಡ್ ಆ ಗಾಜನ್ನು ಕೊರೆದು ಸಣ್ಣ ಸಣ್ಣ ಗುಳಿ ಮಾಡುತ್ತದೆ, ರೆಸಿನ್ (ಪ್ಲಾಸ್ಟಿಕ್ ಜಾತಿಯ) ಸಿಮೆಂಟ್ ಅದರೊಳಗೆ ಇಳಿದು ಬಿಗಿಯುತ್ತದೆ. ಜಿರ್ಕೋನಿಯಾದಲ್ಲಿ ಗಾಜೇ ಇಲ್ಲ, ಬರೀ ಒತ್ತಾಗಿ ಕೂತ ಹರಳು. ಅದಕ್ಕೆ ಆ ಆಸಿಡ್ ಹಚ್ಚಿ ಕಾಯುವುದು ಬಂಡೆಗೆ ಮಜ್ಜಿಗೆ ಹಚ್ಚಿದ ಹಾಗೆ. ಇಲ್ಲಿ ಬೇರೆ ದಾರಿ: ಸುಮಾರು 50 ಮೈಕ್ರಾನ್‌ನ ಅಲ್ಯೂಮಿನಾ ಪುಡಿಯನ್ನು ಕಡಿಮೆ ಒತ್ತಡದಲ್ಲಿ, 2 ಬಾರ್ ಆಸುಪಾಸು, ಒಳಮೈಗೆ ಊದಿ ತರಿ ಮಾಡಬೇಕು. ಮೇಲೆ ಎಂಡಿಪಿ ಎಂಬ ರಾಸಾಯನಿಕ ಇರುವ ಪ್ರೈಮರ್, ಅಂದರೆ ಸಿಮೆಂಟಿಗೆ ಮೊದಲು ಹಚ್ಚುವ ದ್ರವ. ಈ ಎಂಡಿಪಿ ಅಣುವಿನ ಒಂದು ತುದಿಯ ಫಾಸ್ಫೇಟ್ ಜಿರ್ಕೋನಿಯಾವನ್ನು ಹಿಡಿಯುತ್ತದೆ, ಇನ್ನೊಂದು ತುದಿ ರೆಸಿನ್ ಜೊತೆ ಬೆಸೆದುಕೊಳ್ಳುತ್ತದೆ.

ಕೈಕೊಡುವುದು ಎಂಜಲು. ಕ್ಯಾಪನ್ನು ಬಾಯಲ್ಲಿಟ್ಟು ಅಳತೆ ನೋಡುತ್ತೇವಲ್ಲ, ಆಗ ಜೊಲ್ಲಿನಲ್ಲಿರುವ ಫಾಸ್ಫೇಟ್ ಹೋಗಿ, ಬಸ್ಸಿನ ಸೀಟಿಗೆ ಟವೆಲ್ ಹಾಕಿದಂತೆ, ಎಂಡಿಪಿಯ ಜಾಗ ಹಿಡಿದುಬಿಡುತ್ತದೆ. ನೀರಲ್ಲಿ ತೊಳೆದರೆ ಪೂರ್ತಿ ಹೋಗುವುದಿಲ್ಲ. ಹಲ್ಲಿಗೆ ಹಚ್ಚುವ ಫಾಸ್ಫಾರಿಕ್ ಆಸಿಡ್ ಜೆಲ್ಲಿನಿಂದ ತೊಳೆಯುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ. ಅದೂ ಫಾಸ್ಫೇಟನ್ನೇ ಬಿಟ್ಟುಹೋಗುತ್ತದೆ. ಇದಕ್ಕೆಂದೇ ಇರುವ ಕ್ಲೀನಿಂಗ್ ಪೇಸ್ಟ್ ಬಳಸಬೇಕು, ಇಲ್ಲವೇ ಪುಡಿ ಮತ್ತೆ ಊದಬೇಕು.

ಎಲ್ಲರಿಗೂ ಇಷ್ಟೆಲ್ಲ ಬೇಕೆಂದಿಲ್ಲ. ಅರೆದ ಹಲ್ಲಿನ ಮೋಟು 4 ಮಿಲಿಮೀಟರ್‌ನಷ್ಟು ಎತ್ತರವಿದ್ದು ಗೋಡೆಗಳು ನೆಟ್ಟಗಿದ್ದರೆ ರೆಸಿನ್ ಸೇರಿಸಿದ ಗ್ಲಾಸ್ ಅಯೊನೋಮರ್ ಸಿಮೆಂಟೇ ಸಾಕು, ಕ್ಯಾಪ್ ಆಕಾರದ ಬಲದಲ್ಲೇ ನಿಲ್ಲುತ್ತದೆ. ಮೋಟು ಗಿಡ್ಡವಾಗಿದ್ದರೆ ಮೇಲಿನ ಕ್ರಮ ತಪ್ಪಿಸುವ ಹಾಗಿಲ್ಲ. ದವಡೆಯ ಕೊನೆಯ ಹಲ್ಲುಗಳಲ್ಲಿ ಹೆಚ್ಚಾಗಿ ಹೀಗೇ.

ಚೂರು ಹಾರಿದ ಕ್ಯಾಪಿನ ಬಗ್ಗೆಯೂ ಆಗಾಗ ಕೇಳುತ್ತಾರೆ. ಕೆಲವು ಕ್ಯಾಪುಗಳಲ್ಲಿ ಒಳಗೆ ಜಿರ್ಕೋನಿಯಾ, ಮೇಲೆ ಅಂದಕ್ಕೆ ಪೋರ್ಸಲಿನ್. ಹಾರುವುದು ಸಾಮಾನ್ಯವಾಗಿ ಮೇಲಿನದೇ. ಸಣ್ಣ ಚೂರಾದರೆ ಪಾಲಿಶ್ ಸಾಕು. ಮುಂದಿನ ಹಲ್ಲಾದರೆ ಒಸಡಿಗೆ ರಬ್ಬರ್ ಹಾಳೆಯ ಕಾವಲಿಟ್ಟು, ಉಳಿದ ಪೋರ್ಸಲಿನ್ನಿಗೆ ಆಸಿಡ್ ಮತ್ತು ಸೈಲೇನ್ (ಪೋರ್ಸಲಿನ್ನಿಗೆ ರೆಸಿನ್ ಬೆಸೆಯುವ ದ್ರವ), ಕೆಳಗೆ ಬಿಳಿ ಜಿರ್ಕೋನಿಯಾ ಕಂಡರೆ ಅದಕ್ಕೆ ಎಂಡಿಪಿ, ಮೇಲೆ ಬಣ್ಣ ಹೊಂದುವ ಕಾಂಪೋಸಿಟ್ (ಹಲ್ಲಿನ ಬಣ್ಣದ ರೆಸಿನ್ ಫಿಲ್ಲಿಂಗ್) ಕಟ್ಟಬಹುದು. ಅಗಿಯುವ ಜಾಗದಲ್ಲಿ ಈ ತೇಪೆ ಬಹುಕಾಲ ನಿಲ್ಲುತ್ತದೆಂದು ನಾನು ಮಾತು ಕೊಡುವುದಿಲ್ಲ. ಜಿರ್ಕೋನಿಯಾವೇ ಸೀಳಿದ್ದರೆ ಹೊಸ ಕ್ಯಾಪ್ ಮಾಡಿಸುವುದೇ ಸರಿ.

ವಾರಗಟ್ಟಲೆ ಬಿಡಬೇಡಿ, ಅಕ್ಕಪಕ್ಕದ ಹಲ್ಲು ಸರಿದರೆ ಸರಿಯಿದ್ದ ಕ್ಯಾಪೂ ಕೂರುವುದಿಲ್ಲ. ಅಲ್ಲಿಯವರೆಗೆ ಆ ಬದಿಗೆ ಕವಳ ಹಾಕಬೇಡಿ. ಲ್ಯಾಬಿನವರು ಕೊಟ್ಟ ಕಾರ್ಡ್ ಮನೆಯಲ್ಲಿದ್ದರೆ ತನ್ನಿ. ಬಿಳಿ ಕ್ಯಾಪುಗಳೆಲ್ಲ ನೋಡಲು ಒಂದೇ ಥರ, ಯಾವುದಕ್ಕೆ ಆಸಿಡ್, ಯಾವುದಕ್ಕೆ ಪುಡಿ ಎಂದು ಹೇಳುವುದು ಆ ಕಾರ್ಡೇ.