ಮೊದಲು ಇದ್ದಲಿನ ಲೆಕ್ಕ: 'ಅಗಮೆಮ್ನಾನ್' ಹಡಗು, 1866

ವಿಕ್ಟೋರಿಯಾ ಕಾಲದ ಸರಕು ಹಡಗುಗಳ ಬಗ್ಗೆ ಓದುವಾಗ ವೇಗದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ದಿನಕ್ಕೆ ಎಷ್ಟು ಕಲ್ಲಿದ್ದಲು ಬೇಕು ಅನ್ನುವುದನ್ನು ಮೊದಲು ನೋಡಿ. ಇದ್ದಲು ತುಂಬಿದ ಜಾಗದಲ್ಲಿ ಸರಕು ಹಿಡಿಸುವುದಿಲ್ಲ, ಸರಕಿಲ್ಲದಿದ್ದರೆ ಬಾಡಿಗೆ ಹುಟ್ಟುವುದಿಲ್ಲ. ಚೀನಾದ ಚಹಾ ವ್ಯಾಪಾರ 1860ರ ದಶಕದಲ್ಲೂ ಹಾಯಿಹಡಗುಗಳ ಕೈಯಲ್ಲೇ ಇತ್ತು. ಗಾಳಿಗೆ ಯಾರೂ ದುಡ್ಡು ಕೊಡಬೇಕಿರಲಿಲ್ಲ, ಅಲ್ವಾ?

ಲಿವರ್‌ಪೂಲ್‌ನ ಎಂಜಿನಿಯರ್ ಆಲ್‌ಫ್ರೆಡ್ ಹೋಲ್ಟ್ ಈ ಲೆಕ್ಕವನ್ನೇ ಬದಲಿಸಿದ. ಅವನ 'ಅಗಮೆಮ್ನಾನ್' 1866ರ ಏಪ್ರಿಲ್‌ನಲ್ಲಿ ಚೀನಾಕ್ಕೆ ಹೊರಟಿತು. ಅದರದ್ದು ಕಾಂಪೌಂಡ್ ಎಂಜಿನ್. ಹಬೆ ಮೊದಲು ಚಿಕ್ಕ ಸಿಲಿಂಡರ್‌ನಲ್ಲಿ ಕೆಲಸ ಮಾಡುತ್ತದೆ, ಆಮೇಲೆ ಇನ್ನೂ ಉಳಿದ ಒತ್ತಡದಿಂದ ದೊಡ್ಡ ಸಿಲಿಂಡರ್‌ನಲ್ಲಿ. ಅಂದರೆ ಅದೇ ಹಬೆಗೆ ಎರಡು ಸಲ ದುಡಿಮೆ. ಬಾಯ್ಲರ್ ಒತ್ತಡ ಚದರ ಇಂಚಿಗೆ 60 ಪೌಂಡ್; ಆಗಿನ ಕಾಲಕ್ಕೆ ಅದು ಧೈರ್ಯದ ಮಾತೇ. ದಿನಕ್ಕೆ ಸುಮಾರು 20 ಟನ್ ಇದ್ದಲು ಸಾಕಾಗುತ್ತಿತ್ತು. ಲಿವರ್‌ಪೂಲ್‌ನಿಂದ ಮಾರಿಷಸ್‌ವರೆಗಿನ 8,500 ಮೈಲಿಯನ್ನು ಅದು ಎಲ್ಲೂ ಇದ್ದಲು ತುಂಬಿಸಿಕೊಳ್ಳದೆ ಹೋಗಬಲ್ಲದಾಗಿತ್ತು. ಗಂಟೆಗೆ 10 ಮೈಲಿ ಅಂದುಕೊಂಡು ಗುಣಿಸಿ ನೋಡಿ: 35 ದಿನ, 700 ಟನ್.

1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಆ ದಾರಿಯ ಬಂದರುಗಳಾದ ಪೋರ್ಟ್ ಸಯೀದ್, ಏಡನ್‌ನಲ್ಲಿ ಇದ್ದಲು ಸಿಗುತ್ತಿತ್ತು. ಕೆಂಪು ಸಮುದ್ರದ ಗಾಳಿಯನ್ನು ನಂಬಲಾಗದೆ ಹಾಯಿಹಡಗುಗಳು ಆ ದಾರಿಯಿಂದ ಹೊರಗೇ ಉಳಿದವು.

ಇಂಥ ಹಡಗುಗಳಲ್ಲಿ ಬೆಂಕಿ ನೋಡಿಕೊಳ್ಳುವವರಿಗೆ ನಾಲ್ಕು ಗಂಟೆ ಪಾಳಿ, ಎಂಟು ಗಂಟೆ ಬಿಡುವು. ಸುಮ್ನೆ ಇದ್ದಲು ಎರಚಿದರೆ ಆಗುವುದಿಲ್ಲ. ತೆಳ್ಳಗೆ, ಸಮನಾಗಿ ಹರಡಬೇಕು. ಒಲೆಯ ಬಾಗಿಲು ಜಾಸ್ತಿ ಹೊತ್ತು ತೆರೆದಿದ್ದರೆ ತಣ್ಣನೆ ಗಾಳಿ ನುಗ್ಗಿ ಹಬೆ ಇಳಿಯುತ್ತದೆ. ಒಲೆಯ ಜಾಲರಿಯ ಮೇಲೆ ಗಟ್ಟಿಯಾದ ಕಿಟ್ಟವನ್ನು ಉದ್ದನೆಯ ಕಬ್ಬಿಣದ ಸರಳಿನಿಂದ ಮೀಟಿ ತೆಗೆಯಬೇಕು. ಟ್ರಿಮ್ಮರ್‌ಗಳು ಅನ್ನುವ ಕೆಲಸಗಾರರು ಕತ್ತಲ ಬಂಕರ್‌ನಿಂದ, ಅಂದರೆ ಇದ್ದಲು ತುಂಬಿದ ಕೋಣೆಯಿಂದ, ಕೈಗಾಡಿಯಲ್ಲಿ ಇದ್ದಲು ತರುತ್ತಿದ್ದರು. ಎಡಬಲ ಎರಡೂ ಕಡೆಯಿಂದ ಸಮನಾಗಿ ತೆಗೆಯದಿದ್ದರೆ ಹಡಗೇ ವಾಲುತ್ತದೆ. ನನ್ನ ಮಟ್ಟಿಗೆ ಇಡೀ ಹಡಗಿನಲ್ಲಿ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ.

ಪೂರ್ವದ ದಾರಿಯ ಎಷ್ಟೋ ಬ್ರಿಟಿಷ್ ಹಡಗುಗಳಲ್ಲಿ ಈ ಕೆಲಸ ಲಾಸ್ಕರರದ್ದು, ಅಂದರೆ ನಮ್ಮ ಕಡೆಯ ಖಲಾಸಿಗಳದ್ದು. ಅವರ ಮೇಲೆ ಒಬ್ಬ ಸಾರಂಗ, ಅಂದರೆ ಮೇಸ್ತ್ರಿ. ಸಂಬಳ ಬ್ರಿಟಿಷರಿಗಿಂತ ತುಂಬ ಕಡಿಮೆ. ಮಲಗುವ ಜಾಗದಲ್ಲೂ ತಾರತಮ್ಯ: 1867ರ ಕಾನೂನು ಬ್ರಿಟಿಷ್ ನಾವಿಕನಿಗೆ ಕನಿಷ್ಠ 72 ಘನ ಅಡಿ ಕೊಟ್ಟಿತ್ತು, ಲಾಸ್ಕರನಿಗೆ ಸಿಕ್ಕಿದ್ದು 36.