ಟಾಕೀಸಿಲ್ಲದ ಸೌದಿಯಲ್ಲಿ ಸಿನಿಮಾ

2018ರ ಏಪ್ರಿಲ್ 18ರಂದು ಸೌದಿ ಅರೇಬಿಯಾದ ರಾಜಧಾನಿ ರಿಯಾದ್‌ನಲ್ಲಿ ದಶಕಗಳ ಬಳಿಕ ಚಿತ್ರಮಂದಿರ ತೆರೆಯಿತು. 'ಬ್ಲ್ಯಾಕ್ ಪ್ಯಾಂಥರ್' ಓಡಿತು. ಧರ್ಮ ಒಪ್ಪದ ಸಿನಿಮಾಕ್ಕೆ ಸೌದಿ ಈಗ ಹೂಂ ಎಂದಿತು ಅಂತ ಎಷ್ಟೋ ಜನ ಅಂದುಕೊಂಡರು. ಆದರೆ ಕೆಂಪು ಸಮುದ್ರದ ಆಚೆ ದಡದ ಈಜಿಪ್ಟಿನಲ್ಲಿ ಅದೇ ಧರ್ಮದವರು 1930ರ ದಶಕದಲ್ಲೇ ದೊಡ್ಡ ಸ್ಟುಡಿಯೊ ಕಟ್ಟಿದ್ದರು. ಅರಬ್ ನಾಡುಗಳಿಗೆಲ್ಲ ಸಿನಿಮಾ ಹೋಗುತ್ತಿದ್ದದ್ದು ಅಲ್ಲಿಂದಲೇ.

ಸೌದಿಯಲ್ಲೂ 1970ರ ದಶಕದಲ್ಲಿ ಜೆಡ್ಡಾದ ಕ್ಲಬ್ಬು, ಅಂಗಳಗಳಲ್ಲಿ ಪರದೆ ಕಟ್ಟಿ ಸಿನಿಮಾ ತೋರಿಸುತ್ತಿದ್ದರು. ಅದಕ್ಕೂ ಮೊದಲು, 1965ರಲ್ಲಿ, ಟಿವಿ ಬಂದಾಗ ದೊಡ್ಡ ಗಲಾಟೆಯಾಯಿತು. ವಿರೋಧಿಸಿದ ರಾಜಮನೆತನದ ಯುವಕನೊಬ್ಬ ಗುಂಡೇಟಿಗೆ ಸತ್ತ. ಟಿವಿ ಮಾತ್ರ ಉಳಿಯಿತು. ಅರಮನೆಗೆ ಅದು ಬೇಕಿತ್ತು, ಅಲ್ವಾ?

1979ರ ನವೆಂಬರ್‌ನಲ್ಲಿ ಬಂದೂಕು ಹಿಡಿದ ಗುಂಪೊಂದು ಮೆಕ್ಕಾದ ದೊಡ್ಡ ಮಸೀದಿಯನ್ನು ಎರಡು ವಾರ ಹಿಡಿದಿಟ್ಟುಕೊಂಡಿತು. ಸರ್ಕಾರ ಗುಂಪನ್ನು ಬಗ್ಗುಬಡಿಯಿತು, ಆಮೇಲೆ ತಾನೇ ಆ ಗುಂಪು ಬಯಸಿದ ಕಟ್ಟುನಿಟ್ಟಿನ ಧರ್ಮದ ದಾರಿ ಹಿಡಿಯಿತು. 1980ರ ದಶಕದ ಹೊತ್ತಿಗೆ ಪರದೆಗಳೆಲ್ಲ ಮಾಯ.

ತಮಾಷೆ ಶುರುವಾಗುವುದೇ ಇಲ್ಲಿಂದ. ಟಾಕೀಸು ಇಲ್ಲ, ಆದರೆ ವಿಡಿಯೊ ಕ್ಯಾಸೆಟ್ ಅಂಗಡಿ ಇದೆ. ಮನೆ ಬಾಗಿಲು ಹಾಕಿಕೊಂಡು ಏನು ಬೇಕಾದರೂ ನೋಡಬಹುದು. ಮಂಗಳೂರು, ಭಟ್ಕಳದ ಕಡೆಯಿಂದ ದುಡಿಯಲು ಹೋದವರು ರಜೆಗೆ ಬರುವಾಗ ಟಾಕೀಸಿಲ್ಲದ ಆ ದೇಶದಿಂದಲೇ ವಿಸಿಆರ್ ಹೊತ್ತು ತಂದರು! 1986ರಲ್ಲಿ ಬಹ್ರೇನ್‌ಗೆ ಸುಮಾರು 25 ಕಿಲೋಮೀಟರ್ ಉದ್ದದ ಸೇತುವೆ ರಸ್ತೆ ತೆರೆಯಿತು. ರಜೆಯ ದಿನ ಬಂತೆಂದರೆ ಕಾರುಗಳ ಸಾಲು. ಸಿನಿಮಾ ನೋಡಲು ಕುಟುಂಬ ಸಮೇತ ಗಡಿ ದಾಟುವುದು ಮಾಮೂಲಾಯಿತು. 1990ರ ದಶಕದಲ್ಲಿ ಡಿಶ್ ಆಂಟೆನಾಕ್ಕೂ ನಿಷೇಧ ಬಂತು. ಮಾಳಿಗೆಗಳ ಮೇಲೆ ಡಿಶ್‌ಗಳು ಮಾತ್ರ ಜಾಸ್ತಿಯೇ ಆದವು. ಅವು ಹಿಡಿಯುತ್ತಿದ್ದ ದೊಡ್ಡ ಮನರಂಜನಾ ಚಾನೆಲ್‌ಗಳಲ್ಲಿ ಕೆಲವಕ್ಕೆ ಸೌದಿಯವರೇ ಮಾಲೀಕರು.

ಸೌದಿಯ ನಿರ್ದೇಶಕಿ ಹೈಫಾ ಅಲ್ ಮನ್ಸೂರ್ ರಿಯಾದ್‌ನ ಬೀದಿಗಳಲ್ಲಿ 'ವಜ್ದಾ' ಸಿನಿಮಾ ಚಿತ್ರೀಕರಿಸಿದಾಗ ಗಂಡಸರ ನಡುವೆ ಹೊರಗೆ ನಿಂತು ಕೆಲಸ ಮಾಡುವಂತಿರಲಿಲ್ಲ. ವ್ಯಾನಿನೊಳಗೆ ಕೂತು ವಾಕಿಟಾಕಿಯಲ್ಲಿ ನಿರ್ದೇಶಿಸಿದರು. 2012ರಲ್ಲಿ ಸಿನಿಮಾ ವೆನಿಸ್ ಚಿತ್ರೋತ್ಸವ ಕಂಡಿತು. ತವರಿನಲ್ಲಿ ತೋರಿಸೋಣವೆಂದರೆ ಟಾಕೀಸೇ ಇರಲಿಲ್ಲ.

ಆಮೇಲಿನದು ಬೇಗ ಬೇಗ ನಡೆಯಿತು. ತೈಲದ ಬೆಲೆ ಕುಸಿದಿತ್ತು, ಯುವಕರ ಸಂಖ್ಯೆ ದೊಡ್ಡದಿತ್ತು, ಜನ ಹೊರಗೆ ಖರ್ಚು ಮಾಡುವ ದುಡ್ಡು ದೇಶದಲ್ಲೇ ಉಳಿಯಬೇಕಿತ್ತು. 2016ರಲ್ಲಿ, ಜನ ಧರ್ಮದ ಕಟ್ಟಳೆ ಮೀರದಂತೆ ಕಾಯುತ್ತಿದ್ದ ಧಾರ್ಮಿಕ ಪೊಲೀಸರ ಬಂಧಿಸುವ ಅಧಿಕಾರ ಹೋಯಿತು. 2017ರ ಡಿಸೆಂಬರ್‌ನಲ್ಲಿ ಟಾಕೀಸಿಗೆ ಅನುಮತಿ ಸಿಕ್ಕಿತು. ಬೇಡ ಎಂದಾಗ ಜನರನ್ನು ಯಾರೂ ಕೇಳಿರಲಿಲ್ಲ, ಬೇಕು ಎಂದಾಗಲೂ ಕೇಳಲಿಲ್ಲ. ರಿಯಾದ್‌ನ ಆ ಮೊದಲ ಪ್ರದರ್ಶನದ ಮುಂದಿನ ತಿಂಗಳು, ಹೆಂಗಸರಿಗೂ ಕಾರು ಓಡಿಸಲು ಬಿಡಿ ಎಂದು ವರ್ಷಗಟ್ಟಲೆ ಕೇಳಿದ್ದ ಕೆಲವು ಮಹಿಳೆಯರನ್ನು ಬಂಧಿಸಿದರು. ಕಾರು ಓಡಿಸುವ ಅನುಮತಿ ಜೂನ್‌ನಲ್ಲಿ ಜಾರಿಗೆ ಬಂತು. ಆಗ ಅವರಲ್ಲಿ ಹಲವರು ಜೈಲಿನಲ್ಲೇ ಇದ್ದರು.